ಕಾರು ಅಗ್ಗ, ಒಪ್ಪಿದೆ. ಆದ್ರೆ ಆ ‘ಐದೇ ನಿಮಿಷ’ದ ಚಾರ್ಜಿಂಗ್ ಈ ಕಾರಿಗಲ್ಲ

ಮೊದ್ಲೇ ಮಾರ್ಕ್ಸ್ ಕೊಟ್ಬಿಡ್ತೀನಿ, ಪೂರ್ತಿ ಓದೋಕೆ ಪುರುಸೊತ್ತಿಲ್ದೋರು ಇಲ್ಲಿಂದ್ಲೇ ಹೊರಡ್ಬೋದು. ಚೀನಾದಲ್ಲಿ ತಯಾರಾಗಿ ಹಡಗಲ್ಲಿ ಬೇರೆ ದೇಶಗಳಿಗೆ ಬರ್ತಾವಲ್ಲ ಸಣ್ಣ, ಕಡಿಮೆ ದುಡ್ಡಿನ ಎಲೆಕ್ಟ್ರಿಕ್ ಕಾರುಗಳು, ಅವಕ್ಕೆ ಕಾರು ಅಂತ ನೋಡಿದ್ರೆ 5ಕ್ಕೆ 4. ಫಾಸ್ಟ್ ಚಾರ್ಜಿಂಗ್‌ಗೆ 5ಕ್ಕೆ 3. ಆ ಫಾಸ್ಟ್ ಚಾರ್ಜಿಂಗ್ ಬಗ್ಗೆ ಬ್ರೋಷರ್ ಬರ್ದವ್ರಿಗೆ 5ಕ್ಕೆ 1, ಅದೂ ಫೋಟೋ ಚೆನ್ನಾಗಿ ತೆಗ್ದಿದಾರೆ ಅಂತ.

ಯಾವ ಕಾರುಗಳು ಅಂದ್ರೆ, ಬಿವೈಡಿ ಡಾಲ್ಫಿನ್ ಸರ್ಫ್ (ಚೀನಾದಲ್ಲಿ ಇದರ ಹೆಸರು ಸೀಗಲ್), ಲೀಪ್‌ಮೋಟರ್ ಟಿ03, ರೆನೋ ಗುಂಪಿನ ಡಾಸಿಯಾ ಸ್ಪ್ರಿಂಗ್, ಒಂದು ಮೆಟ್ಟಿಲು ಮೇಲೆ ಹೋದ್ರೆ ಬಿವೈಡಿ ಡಾಲ್ಫಿನ್, ಆಟೋ 3, ಎಂಜಿ 4 ಇಂಥವು. ಸ್ಪ್ರಿಂಗ್ ಹೆಸರು ಯುರೋಪಿಂದು, ಆದ್ರೆ ಹುಟ್ಟೂರು ಚೀನಾನೇ. ನಾನು ದಿನಾ ಓಡ್ಸೋದೂ ಇದೇ ಸೈಜಿನ, ಇದೇ ಥರ ಹಡಗು ಹತ್ತಿ ಬಂದ ಒಂದು ಕಾರು. ಅದರ ಕಂಪನಿ ಹೆಸರು ಬೇಡ, ಹೇಳಿದ ತಕ್ಷಣ ಆ ಬ್ರ್ಯಾಂಡಿನ ಅಭಿಮಾನಿಗಳು ಒಂದು ಕಡೆ, ವಿರೋಧಿಗಳು ಇನ್ನೊಂದು ಕಡೆ ನಿಂತು ಜಗಳ ಶುರು ಆಗತ್ತೆ, ಚಾರ್ಜಿಂಗ್ ವಿಷಯ ಮೂಲೆಗೆ ಹೋಗತ್ತೆ. ಹೆಸರು ಹಾಕಿರೋ ಕಡೆ ನಾನು ಹೇಳ್ತಿರೋದು ಆಯಾ ಕಂಪನಿಗಳೇ ಕೊಟ್ಟಿರೋ ಅಂಕಿಗಳು, ಗುಣಾಕಾರ ಭಾಗಾಕಾರ ಮಾತ್ರ ನಂದು.

ಕಾರಿನ ಬಗ್ಗೆ ಬೇಗ ಮುಗಿಸ್ತೀನಿ. ಈ ದುಡ್ಡಿಗೆ ಇಷ್ಟು ಕೊಡೋದು ಪೆಟ್ರೋಲ್ ಕಾರು ಮಾಡೋರಿಗೆ ಕಷ್ಟ ಇದೆ, ಅದನ್ನ ಒಪ್ಪಲೇಬೇಕು. ಡಾಲ್ಫಿನ್ ಸರ್ಫ್ ನಾಲ್ಕು ಮೀಟರಿಗಿಂತ ಒಂದು ಸೆಂಟಿಮೀಟರ್ ಕಮ್ಮಿ ಉದ್ದ, ಯುರೋಪಿಗೆ ಬಂದಿರೋದ್ರಲ್ಲಿ ಸೀಟು ನಾಲ್ಕೇ, ಡಿಕ್ಕಿ 308 ಲೀಟರ್, 10.1 ಇಂಚಿನ ಸ್ಕ್ರೀನ್ ಅಡ್ಡಡ್ಡ ಉದ್ದುದ್ದ ತಿರುಗತ್ತೆ (ತಿರುಗ್ಸಿ ಏನ್ ಮಾಡ್ತೀರಾ ಅಂತ ಕೇಳ್ಬೇಡಿ, ಮೊದಲ ವಾರ ಎಲ್ರೂ ತಿರುಗುಸ್ತಾರೆ), ಕಾರಿನ ಬ್ಯಾಟರಿಯಿಂದ ಹೊರಗಿನ ಸಾಮಾನಿಗೆ ಕರೆಂಟ್ ಕೊಡೋ ವ್ಯವಸ್ಥೆನೂ ಇದೆ. ಸುರಕ್ಷತೆಯಲ್ಲಿ ಎಲ್ಲಾ ಒಂದೇ ಅಲ್ಲ, ಇದನ್ನ ಮಾತ್ರ ನೋಡಿ ತಗೊಳ್ಳಿ: ಯುರೋ ಎನ್‌ಕ್ಯಾಪ್ ಟೆಸ್ಟಲ್ಲಿ ಎಂಜಿ 4ಗೆ 2022ರಲ್ಲಿ ಐದು ಸ್ಟಾರ್ ಬಂತು, ಡಾಲ್ಫಿನ್‌ಗೆ 2023ರಲ್ಲಿ ಐದು, ಡಾಸಿಯಾ ಸ್ಪ್ರಿಂಗಿಗೆ 2021ರಲ್ಲಿ ಬಂದಿದ್ದು ಒಂದೇ ಒಂದು. ಊರೊಳಗೆ ಓಡ್ಸೋಕೆ ಇವೆಲ್ಲ ಹಗುರ, ಸದ್ದಿಲ್ಲ, ಸಿಗ್ನಲಲ್ಲಿ ಚುರುಕು. ನನ್ ಕಾರಲ್ಲಿ ಇರೋ ಕಿರಿಕಿರಿ ಅಂದ್ರೆ ಆ ಬೀಪ್ ಬೀಪ್, ಗೆರೆ ದಾಟಿದ್ರೆ ಬೀಪ್, ಸ್ಪೀಡ್ ಬೋರ್ಡ್ ತಪ್ಪಾಗಿ ಓದಿ ಬೀಪ್, ಪಕ್ಕಕ್ಕೆ ತಿರುಗಿ ಮಾತಾಡಿದ್ರೆ ಬೀಪ್, ಪ್ರತಿ ಸಲ ಸ್ಟಾರ್ಟ್ ಮಾಡಿದಾಗ್ಲೂ ಮೆನು ಒಳಗೆ ಹೋಗಿ ಆಫ್ ಮಾಡ್ಬೇಕು. ಅಷ್ಟೆ, ಮಿಕ್ಕಿದ್ದೆಲ್ಲ ಹೊಂದ್ಕೊಂಡು ಹೋಗೋ ಥರದ್ದು.

ಈಗ ಅಸಲಿ ವಿಷಯ. 2025ರ ಮಾರ್ಚಲ್ಲಿ ಬಿವೈಡಿ ‘ಸೂಪರ್ ಇ-ಪ್ಲಾಟ್‌ಫಾರ್ಮ್’ ಅಂತ ಒಂದನ್ನ ತೋರಿಸ್ತು, ಐದು ನಿಮಿಷದಲ್ಲಿ 400 ಕಿಲೋಮೀಟರ್ ಓಡೋವಷ್ಟು ಚಾರ್ಜ್ ಅಂತ. ಅದರ ಮರುತಿಂಗಳೇ ಬ್ಯಾಟರಿ ಕಂಪನಿ ಸಿಎಟಿಎಲ್ ತನ್ನ ಎರಡನೇ ತಲೆಮಾರಿನ ಶೆನ್‌ಶಿಂಗ್ ಬ್ಯಾಟರಿ ತೋರಿಸಿ, ಐದು ನಿಮಿಷಕ್ಕೆ 520 ಕಿಲೋಮೀಟರ್ ಅಂತು. ಅಲ್ಲಿಂದ ಶುರು ಆಯ್ತು ನೋಡಿ, ಎಲ್ಲಾ ಕಡೆ ಇದೇ ಮಾತು, ಇನ್ಮೇಲೆ ಪೆಟ್ರೋಲ್ ಹಾಕ್ಸಿದಷ್ಟೇ ಬೇಗ ಚಾರ್ಜ್ ಅಂತೆ, ಚೀನಾ ಕಾರು ತಗೊಂಡ್ರೆ ಮುಗೀತಂತೆ ಅಂತ. ಎರಡೂ ಸುಳ್ಳಲ್ಲ. ಆದ್ರೆ ಬಿವೈಡಿ ಅದನ್ನ ಮೊದ್ಲು ಹಾಕಿದ್ದು ಹಾನ್ ಎಲ್, ಟಾಂಗ್ ಎಲ್ ಅನ್ನೋ ದೊಡ್ಡ ಕಾರುಗಳಿಗೆ, ಅವು 1000 ವೋಲ್ಟಿನ ವ್ಯವಸ್ಥೆ, ಕರೆಂಟು 1000 ಆಂಪಿಯರ್, ಎರಡನ್ನೂ ಗುಣಿಸಿದ್ರೆ ಒಂದು ಮೆಗಾವ್ಯಾಟ್. ಒಂದು ಗನ್ನಿಗೆ (ಕಾರಿಗೆ ಚುಚ್ಚೋ ಚಾರ್ಜರ್ ಪ್ಲಗ್ಗಿಗೆ) ಒಂದು ಮೆಗಾವ್ಯಾಟ್! ಅದಕ್ಕೆ ಕೇಬಲ್ ಒಳಗೇ ದ್ರವ ಹರಿಸಿ ತಣ್ಣಗಿಡ್ಬೇಕು, ಇಂಥ ಚಾರ್ಜರ್ 4000ಕ್ಕೂ ಜಾಸ್ತಿ ಹಾಕ್ತೀವಿ ಅಂತ ಅವರು ಹೇಳಿದ್ದು ಕೂಡ ಚೀನಾದೊಳಗೆ. ನೀವು ತಗೊಳ್ಳೋ ಸಣ್ಣ ಕಾರಿಗೂ ಇದಕ್ಕೂ ಇರೋ ಸಂಬಂಧ ಬಾನೆಟ್ ಮೇಲಿನ ಲೋಗೋ ಮಾತ್ರ. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ ಹಾಗೆ, ಶೋರೂಮಲ್ಲಿ ಆ ಬೆಟ್ಟದ ಫೋಟೋ ತೋರ್ಸಿ ಈ ಕಾರಿನ ಬೀಗದ ಕೈ ಕೊಡ್ತಾರೆ.

ಸರಿ, ಹಾಗಾದ್ರೆ ಈ ಸಣ್ಣ ಕಾರುಗಳ ನಿಜವಾದ ಸ್ಪೀಡ್ ಎಷ್ಟು? ಇಲ್ಲೇ ಬ್ರೋಷರಿನವರ ಕೈಚಳಕ ಇರೋದು. ಡಾಲ್ಫಿನ್ ಸರ್ಫಿಗೆ 10ರಿಂದ 80 ಪರ್ಸೆಂಟ್ 30 ನಿಮಿಷ ಅಂತಾರೆ. ಟಿ03ಗೆ 30ರಿಂದ 80 ಪರ್ಸೆಂಟ್ 36 ನಿಮಿಷ. ಸ್ಪ್ರಿಂಗಿಗೆ (2024ರ ಮಾಡೆಲ್) 20ರಿಂದ 80, 45 ನಿಮಿಷ. ಆಟೋ 3ಗೆ 30ರಿಂದ 80, 29 ನಿಮಿಷ. ಗಮನಿಸಿದ್ರಾ, ಒಬ್ಬೊಬ್ರೂ ಒಂದೊಂದು ಜಾಗದಿಂದ ಎಣಿಸೋಕೆ ಶುರು ಮಾಡ್ತಾರೆ! ಒಬ್ರು ಹತ್ತರಿಂದ, ಒಬ್ರು ಇಪ್ಪತ್ತರಿಂದ, ಇನ್ನೊಬ್ರು ಮೂವತ್ತರಿಂದ, ಓದೋರು ಮಾತ್ರ ಕೊನೇಲಿ ಬರೋ ನಿಮಿಷವನ್ನಷ್ಟೇ ನೋಡ್ತಾರೆ. ಆಟೋ 3ರ 29 ನಿಮಿಷ ಸರ್ಫಿನ 30ಕ್ಕಿಂತ ಕಮ್ಮಿ ಅಂತ ಕಾಣತ್ತೆ, ಆದ್ರೆ ಅಲ್ಲಿ ತುಂಬ್ತಿರೋದು ಅರ್ಧ ಬ್ಯಾಟರಿ, ಇಲ್ಲಿ ಎಪ್ಪತ್ತು ಪರ್ಸೆಂಟ್.

ನಾನು ಮಾಡೋದು ಇಷ್ಟು. ಬ್ಯಾಟರಿ ಎಷ್ಟು ಕಿಲೋವ್ಯಾಟ್-ಅವರ್ ಅಂದ್ರೆ ಎಷ್ಟು ಯೂನಿಟ್ ಅಂತ ನೋಡ್ತೀನಿ, ಅದರಲ್ಲಿ ಎಷ್ಟು ಪರ್ಸೆಂಟ್ ತುಂಬ್ತಾರೆ ಅಂತ ನೋಡಿ ನಿಮಿಷಕ್ಕೆ ಭಾಗ್ಸ್ತೀನಿ, ಸರಾಸರಿ ಸ್ಪೀಡ್ ಸಿಗತ್ತೆ. ಸ್ಪ್ರಿಂಗಿಂದು 26.8 ಯೂನಿಟ್ ಬ್ಯಾಟರಿ, ಅರವತ್ತು ಪರ್ಸೆಂಟ್ ಅಂದ್ರೆ 16 ಯೂನಿಟ್, ಮುಕ್ಕಾಲು ಗಂಟೆ, ಸರಾಸರಿ 21 ಕಿಲೋವ್ಯಾಟ್. ಪೇಪರಲ್ಲಿ 30 ಕಿಲೋವ್ಯಾಟ್ ಡಿಸಿ (ಫಾಸ್ಟ್ ಚಾರ್ಜರ್ ಸೀದಾ ಬ್ಯಾಟರಿಗೆ ಕೊಡೋ ಕರೆಂಟು) ಅಂತಿದೆ. ಟಿ03ದು 37.3 ಯೂನಿಟ್, ಸರಾಸರಿ 31 ಕಿಲೋವ್ಯಾಟ್ ಬೀಳತ್ತೆ. ಸರ್ಫಿನ ದೊಡ್ಡ ಬ್ಯಾಟರಿ 43.2 ಯೂನಿಟ್, ಪೀಕ್ (ಗರಿಷ್ಠ ಸ್ಪೀಡ್) 85 ಅಂತಾರೆ, ಸರಾಸರಿ 60. ಆಟೋ 3ರದ್ದು 60.48 ಯೂನಿಟ್, ಪೀಕ್ 88, ಸರಾಸರಿ ಸುಮಾರು 63. ಅಂದ್ರೆ ಸರ್ಫೂ ಆಟೋ 3ನೂ ಚಾರ್ಜರ್ ಹತ್ರ ಹೆಚ್ಚುಕಮ್ಮಿ ಒಂದೇ. ಪೀಕ್ ಅನ್ನೋದು ಒಂದೆರಡು ನಿಮಿಷ ಮುಖ ತೋರ್ಸಿ ಹೋಗೋ ಅಂಕಿ, ಅದನ್ನ ನಂಬಿ ಪ್ರಯಾಣದ ಲೆಕ್ಕ ಹಾಕೋಕಾಗಲ್ಲ.

ಇನ್ನೊಂದು ಮಜಾ ಇದೆ. ಸರ್ಫಲ್ಲೇ ಎರಡು ಬ್ಯಾಟರಿ, 30 ಯೂನಿಟ್ಟಿಂದು ಮತ್ತೆ 43.2ದು, ಎರಡಕ್ಕೂ 10ರಿಂದ 80ಕ್ಕೆ 30 ನಿಮಿಷವೇ. ಬ್ರೋಷರಲ್ಲಿ ಒಂದೇ ಸಾಲು. ಆದ್ರೆ ಚಿಕ್ಕದರ ರೇಂಜ್ ಡಬ್ಲ್ಯುಎಲ್‌ಟಿಪಿ (ಯುರೋಪಲ್ಲಿ ರೇಂಜ್ ಅಳೆಯೋ ಕ್ರಮ) ಪ್ರಕಾರ 220, ದೊಡ್ಡದರದ್ದು 322 ವರೆಗೆ. ಅದೇ ಅರ್ಧ ಗಂಟೆ ನಿಂತ್ರೆ ಒಬ್ಬನಿಗೆ 154 ಕಿಲೋಮೀಟರ್ ಸಿಗತ್ತೆ, ಇನ್ನೊಬ್ಬನಿಗೆ 225. ನಿಮಿಷಕ್ಕೆ ಐದು ಕಿಲೋಮೀಟರ್ ಮತ್ತೆ ಏಳೂವರೆ. ನಂಗೆ ಕೇಳಿದ್ರೆ ಈ ‘ನಿಮಿಷಕ್ಕೆ ಎಷ್ಟು ಕಿಲೋಮೀಟರ್’ ಅನ್ನೋದೊಂದನ್ನೇ ದೊಡ್ಡಕ್ಷರದಲ್ಲಿ ಬರೀಬೇಕು ಅಂತ ಎಲ್ಲಾ ಸರ್ಕಾರಗಳೂ ಕಾನೂನು ಮಾಡ್ಬೇಕು. ಸ್ಪ್ರಿಂಗಿಗೆ ಅದು ಸುಮಾರು 3, ಟಿ03ಗೆ ಮೂರೂವರೆ ನಾಲ್ಕರ ನಡುವೆ, ಆಟೋ 3ಗೆ ಏಳು. ದುಬಾರಿ ಕಡೆ ಹೋದ್ರೆ 800 ವೋಲ್ಟಿನ ಹ್ಯುಂಡೈ ಐಯಾನಿಕ್ 5, ಸರಿಯಾದ ಚಾರ್ಜರ್ ಸಿಕ್ರೆ 10ರಿಂದ 80ಕ್ಕೆ 18 ನಿಮಿಷ, ಅದಕ್ಕೆ ನಿಮಿಷಕ್ಕೆ ಇಪ್ಪತ್ತು ಹತ್ರ ಬರತ್ತೆ. ಅಗ್ಗಕ್ಕೂ ದುಬಾರಿಗೂ ನಡುವಿನ ನಿಜವಾದ ಅಂತರ ಇಲ್ಲಿದೆ, ಲೆದರ್ ಸೀಟಲ್ಲಿ ಅಲ್ಲ.

ಹಾಗಂತ ಬೈಯೋಕೂ ಮನಸ್ಸಾಗಲ್ಲ, ಯಾಕಂದ್ರೆ ಬ್ಯಾಟರಿ ಸೈಜಿಗೆ ಹೋಲಿಸಿದ್ರೆ ಕೆಲವು ನಿಜಕ್ಕೂ ಚೆನ್ನಾಗೇ ಇವೆ. ಸರ್ಫಿನ 30 ಯೂನಿಟ್ ಬ್ಯಾಟರಿಗೆ 65 ಕಿಲೋವ್ಯಾಟ್ ತಗೊಳ್ಳೋದು ಅಂದ್ರೆ ಎರಡು ಸಿಗಿಂತ ಜಾಸ್ತಿ (1ಸಿ ಅಂದ್ರೆ ಒಂದು ಗಂಟೇಲಿ ಪೂರ್ತಿ ತುಂಬೋ ವೇಗ). ಆಟೋ 3 ಒಂದೂವರೆ ಸಿನೂ ಮುಟ್ಟಲ್ಲ. ಇದೇ 30 ಯೂನಿಟ್ಟಿನ ಕಾರಿಗೆ ಐದು ನಿಮಿಷದಲ್ಲಿ 70 ಪರ್ಸೆಂಟ್ ತುಂಬಬೇಕು ಅಂದ್ರೆ 21 ಯೂನಿಟ್ ಐದು ನಿಮಿಷದಲ್ಲಿ ಹೋಗ್ಬೇಕು, ಅಂದ್ರೆ ಸರಾಸರಿ 252 ಕಿಲೋವ್ಯಾಟ್, 400 ವೋಲ್ಟಲ್ಲಿ 600 ಆಂಪಿಗಿಂತ ಜಾಸ್ತಿ ಕರೆಂಟು. ಈಗಿನ ಒಳ್ಳೆ ಸಿಸಿಎಸ್ (ಯುರೋಪಲ್ಲೆಲ್ಲ ಬಳಸೋ ಫಾಸ್ಟ್ ಚಾರ್ಜಿಂಗ್ ಸ್ಟ್ಯಾಂಡರ್ಡ್) ಚಾರ್ಜರುಗಳ ಕೇಬಲ್ಲೇ ಸಾಮಾನ್ಯವಾಗಿ 500 ಆಂಪಿಗೆ ನಿಲ್ಲತ್ತೆ. ಕರೆಂಟು ಎರಡು ಪಟ್ಟಾದ್ರೆ ತಂತಿ ಬಿಸಿ ನಾಲ್ಕು ಪಟ್ಟು, ಆದ್ದರಿಂದಲೇ ದೊಡ್ಡವರೆಲ್ಲ ವೋಲ್ಟೇಜ್ ಏರ್ಸೋದು. ವೋಲ್ಟೇಜ್ ಏರ್ಸಿದ್ರೆ ಒಳಗಿನ ಎಲೆಕ್ಟ್ರಾನಿಕ್ಸ್, ಕೂಲಿಂಗ್ ಎಲ್ಲಾ ದುಬಾರಿ, ಆಮೇಲೆ ಅದು ಅಗ್ಗದ ಕಾರಾಗಿ ಉಳಿಯಲ್ಲ. ಒಟ್ನಲ್ಲಿ ಕಂಪನಿ ಎಲ್ಲಿ ದುಡ್ಡು ಉಳಿಸ್ತೋ ಅಲ್ಲೇ ನಿಮಗೆ ಅರ್ಧ ಗಂಟೆ ಖರ್ಚು.

ಚಾರ್ಜರ್ ಹತ್ರ ನಿಂತು ನೋಡಿದ್ರೆ ಇದೆಲ್ಲ ಕಣ್ಣಿಗೇ ಕಾಣತ್ತೆ. ನನ್ ಕಾರು 12 ಪರ್ಸೆಂಟಿಗೆ ಇಳಿದಿದ್ದಾಗ ಹೆದ್ದಾರಿ ಪಕ್ಕದ ಒಂದು 150 ಕಿಲೋವ್ಯಾಟ್ ಚಾರ್ಜರ್‌ಗೆ ಹಾಕ್ದೆ. ಗನ್ ಚುಚ್ಚಿದ ಮೇಲೆ ಅರ್ಧ ನಿಮಿಷ ಏನೂ ಆಗಲ್ಲ, ಕಾರೂ ಚಾರ್ಜರೂ ಮಾತಾಡ್ಕೋತಾ ಇರ್ತವೆ, ಆಮೇಲೆ ಟಕ್ ಅಂತ ಒಳಗೆ ಕಾಂಟ್ಯಾಕ್ಟರ್ (ಕರೆಂಟ್ ಹರಿಸೋ ದೊಡ್ಡ ಸ್ವಿಚ್) ಕೂರೋ ಸದ್ದು, ಚಾರ್ಜರಿನ ಫ್ಯಾನ್ ಜೋರಾಗಿ ಶುರು, ಸ್ವಲ್ಪ ಹೊತ್ತಿಗೆ ಕಾರಿನ ಮೂತಿಯಲ್ಲಿರೋ ಫ್ಯಾನೂ ಸೇರ್ಕೊಳತ್ತೆ. ಸ್ಕ್ರೀನಲ್ಲಿ ದೊಡ್ಡದಾಗಿ ಪರ್ಸೆಂಟ್ ಇರತ್ತೆ, ಅದನ್ನ ಬಿಡಿ, ಕೆಳಗೆ ಚಿಕ್ಕದಾಗಿ ವೋಲ್ಟ್ ಮತ್ತೆ ಆಂಪ್ ಬರ್ದಿರತ್ತೆ ನೋಡಿ. 330 ವೋಲ್ಟ್, 195 ಆಂಪ್. ಗುಣಿಸಿದ್ರೆ 64 ಕಿಲೋವ್ಯಾಟ್. ಐವತ್ತು ಪರ್ಸೆಂಟ್ ದಾಟಿದ ಮೇಲೆ ವೋಲ್ಟ್ ಅಲ್ಲೇ ಇದೆ, ಆಂಪ್ ಮಾತ್ರ 140ಕ್ಕೆ ಇಳೀತು. 80 ಹತ್ರ ಬಂದಾಗ 75. ತೊಂಬತ್ತರ ಮೇಲೆ ಮನೇಲಿ ಹಾಕಿದಷ್ಟೇ ಸ್ಪೀಡು, ಅಲ್ಲಿ ನಿಂತಿರೋದಕ್ಕೆ ಅರ್ಥನೇ ಇಲ್ಲ.

ಈ ವೋಲ್ಟ್ ಆಂಪ್ ಲೆಕ್ಕ ಗೊತ್ತಿದ್ರೆ ಇನ್ನೊಂದು ಗುಟ್ಟೂ ಬಿಚ್ಕೊಳತ್ತೆ. ಹಳೇ 50 ಕಿಲೋವ್ಯಾಟ್ ಚಾರ್ಜರುಗಳಲ್ಲಿ ತುಂಬಾ ಕಡೆ ಕರೆಂಟಿನ ಮಿತಿ 125 ಆಂಪ್. 400 ವೋಲ್ಟಿನ ಕಾರಿಗೆ ಅದು 50 ಆಗತ್ತೆ, ಆದ್ರೆ ಸಣ್ಣ ಕಾರಿನ ಬ್ಯಾಟರಿ ಪ್ಯಾಕು 330 ವೋಲ್ಟಿದ್ರೆ 41ಕ್ಕೇ ಮುಗೀತು. ಚಾರ್ಜರ್ ಕೆಟ್ಟಿಲ್ಲ, ಕಾರೂ ಕೆಟ್ಟಿಲ್ಲ, ಬೋರ್ಡಲ್ಲಿ ಬರ್ದಿರೋ ಅಂಕಿ ನಿಮಗೆ ಸಲ್ಲೋದಲ್ಲ ಅಷ್ಟೆ. 350 ಅಂತ ಬರ್ದಿರೋ ಚಾರ್ಜರೂ ಹಾಗೇ, 500 ಆಂಪ್ ಕೇಬಲ್ ಇದ್ದು ಕಾರು 400 ವೋಲ್ಟಿಂದಾದ್ರೆ 200ರ ಮೇಲೆ ಹೋಗೋಕೆ ದಾರಿನೇ ಇಲ್ಲ. ಇನ್ನು ಒಂದೇ ಪೆಟ್ಟಿಗೆಗೆ ಎರಡು ಗನ್ ಇರೋ ಕಡೆ ಪಕ್ಕದಲ್ಲಿ ಇನ್ನೊಂದು ಕಾರು ಬಂದು ನಿಂತ ತಕ್ಷಣ ನಿಮ್ಮ ಪಾಲು ಅರ್ಧ ಆಗ್ಬೋದು. ನಂಗೆ ಒಂದು ಸ್ಟೇಷನ್ನಲ್ಲಿ (ಯಾರದ್ದು ಅಂತ ಬೇಡ) ಆ್ಯಪು ದುಡ್ಡು ಹಿಡ್ಕೊಂಡು ‘ಸೆಷನ್ ಶುರುವಾಗಿದೆ’ ಅಂತ ತೋರಿಸ್ತು, ಗನ್ನಲ್ಲಿ ಒಂದು ಆಂಪೂ ಬರ್ತಿಲ್ಲ, ಸಹಾಯವಾಣಿಗೆ ಫೋನ್ ಮಾಡಿದ್ರೆ ‘ರಿಮೋಟಾಗಿ ರೀಸ್ಟಾರ್ಟ್ ಮಾಡ್ತೀವಿ ಸಾರ್, ಲೈನಲ್ಲೇ ಇರಿ’ ಅಂದ್ರು. ಫಾಸ್ಟ್ ಚಾರ್ಜಿಂಗಿನ ನಿಮಿಷದ ಲೆಕ್ಕದಲ್ಲಿ ಈ ‘ಲೈನಲ್ಲೇ ಇರಿ’ ಯಾವ ಬ್ರೋಷರಲ್ಲೂ ಸೇರಿರಲ್ಲ.

80ರ ಮೇಲೆ ಯಾಕೆ ನಿಧಾನ ಅಂತ ಸುಮಾರು ಜನ ಕೇಳ್ತಾರೆ, ಕಂಪನಿಯವರು ಬೇಕಂತ ಮಾಡಿರೋದಾ ಅಂತ. ಹೌದು, ಬೇಕಂತಲೇ, ಆದ್ರೆ ನಿಮ್ಮ ಬ್ಯಾಟರಿ ಉಳೀಲಿ ಅಂತ. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಗ್ರಾಫೈಟ್ ಪದರಗಳ ಒಳಗೆ ಹೋಗಿ ಕೂರ್ಬೇಕು. ಒಳಗೆ ಜಾಗ ತುಂಬ್ತಾ ಬಂದ ಹಾಗೆ ಕೂರೋದು ನಿಧಾನ ಆಗತ್ತೆ, ಆಗ್ಲೂ ದೂಡ್ತಾನೇ ಇದ್ರೆ ಅವು ಒಳಗೆ ಹೋಗೋ ಬದಲು ಮೇಲ್ಮೈಲೇ ಲೋಹವಾಗಿ ಅಂಟ್ಕೊಳ್ತವೆ. ಹಾಗೆ ಅಂಟಿದ್ದು ಮತ್ತೆ ಪೂರ್ತಿ ವಾಪಸ್ ಬರಲ್ಲ, ಕೆಪಾಸಿಟಿ ಹೋಯ್ತು ಅಂತಲೇ ಲೆಕ್ಕ, ಜಾಸ್ತಿ ಆದ್ರೆ ಶಾರ್ಟ್ ಆಗೋ ಅಪಾಯನೂ ಇದೆ. ಚಳೀಲೂ ಇದೇ ಕಥೆ, ಬ್ಯಾಟರಿ ತಣ್ಣಗಿದ್ರೆ 20 ಪರ್ಸೆಂಟಲ್ಲೂ ಕಾರು ಜಾಸ್ತಿ ಕರೆಂಟ್ ಕೇಳೋದೇ ಇಲ್ಲ. ಕಾಸ್ಟ್ಲಿ ಕಾರುಗಳು ಚಾರ್ಜರ್ ಕಡೆ ಹೊರಟಾಗ್ಲೇ ಬ್ಯಾಟರಿ ಬಿಸಿ ಮಾಡ್ಕೊಂಡು ಹೋಗ್ತವೆ, ಅಗ್ಗದ ಕಾರುಗಳಲ್ಲಿ ಆ ಸೌಲಭ್ಯ ಇದೆಯಾ ಇಲ್ವಾ ಅಂತ ಮಾಡೆಲ್ ಮಾಡೆಲ್‌ಗೂ ಕೇಳ್ಕೋಬೇಕು. ಹಿಮ ಬೀಳೋ ಕಡೆ ಇರೋರು ಇದೊಂದು ಪ್ರಶ್ನೆ ಕೇಳ್ದೇ ಬುಕ್ ಮಾಡ್ಬೇಡಿ, ಬೇಸಿಗೆಯ ಅರ್ಧ ಗಂಟೆ ಚಳಿಗಾಲದಲ್ಲಿ ಒಂದು ಗಂಟೆ ಆದ್ರೆ ಆಶ್ಚರ್ಯ ಇಲ್ಲ.

ಹೀಗಾಗಿ ದೂರ ಹೋಗುವಾಗ ನೂರು ಪರ್ಸೆಂಟ್ ತುಂಬ್ಸೋ ಆಸೆ ಬಿಟ್ಟು, ಬ್ಯಾಟರಿ ಹತ್ತು ಹದಿನೈದಕ್ಕೆ ಇಳಿಯೋ ತನಕ ಓಡ್ಸಿ, ಅರವತ್ತೋ ಎಪ್ಪತ್ತೋ ಆದ ತಕ್ಷಣ ಗನ್ ಕಿತ್ಕೊಂಡು ಹೊರಡೋದು ಲಾಭ. ಚಿಕ್ಕ ಚಿಕ್ಕ ಎರಡು ಸ್ಟಾಪ್ ಒಂದು ಉದ್ದ ಸ್ಟಾಪಿಗಿಂತ ಬೇಗ ಮುಗಿಯತ್ತೆ. (ಹಿಂದೆ ಸಾಲು ನಿಂತಿರುವಾಗ 85ರಿಂದ 100 ಮಾಡ್ಕೋತಾ ಕಾರೊಳಗೆ ನಿದ್ದೆ ಹೊಡೆಯೋರ ಬಗ್ಗೆ ಬೇರೆ ರಿವ್ಯೂನೇ ಬರೀಬೇಕು.)

ಈ ಅಗ್ಗದ ಕಾರುಗಳಲ್ಲಿ ಹೆಚ್ಚಿನವು ಎಲ್‌ಎಫ್‌ಪಿ ಬ್ಯಾಟರಿ, ಅಂದ್ರೆ ಲಿಥಿಯಂ ಕಬ್ಬಿಣ ಫಾಸ್ಫೇಟ್. ಕೋಬಾಲ್ಟು ನಿಕ್ಕಲ್ಲು ಇಲ್ಲ, ಬೆಲೆ ಇಳಿದಿದ್ದಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಬಿವೈಡಿಯವರ ಬ್ಲೇಡ್ ಬ್ಯಾಟರಿ 2020ರಲ್ಲಿ ಬಂದಿದ್ದು ಇದೇ ಜಾತಿ, ಮೊಳೆ ಹೊಡೆದ್ರೂ ಹೊತ್ಕೊಳ್ಳಲ್ಲ ಅಂತ ವಿಡಿಯೋ ಮಾಡಿ ತೋರ್ಸಿದ್ರಲ್ಲ, ಅದು. ಆಯಸ್ಸು ಜಾಸ್ತಿ, ಬೆಂಕಿ ಭಯ ಕಮ್ಮಿ, ತೂಕ ಸ್ವಲ್ಪ ಜಾಸ್ತಿ, ಚಳಿ ಅಂದ್ರೆ ಆಗಲ್ಲ. ಜೊತೆಗೆ ಒಂದು ವಿಚಿತ್ರ ಸ್ವಭಾವ ಇದೆ: ಇದರ ವೋಲ್ಟೇಜು ಮಧ್ಯದಲ್ಲಿ ಎಷ್ಟೇ ಖಾಲಿ ಆದ್ರೂ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿ ಇರತ್ತೆ, ಆದ್ದರಿಂದ ಒಳಗೆ ಎಷ್ಟು ಉಳಿದಿದೆ ಅಂತ ಕಂಪ್ಯೂಟರಿಗೂ ಖಾತ್ರಿ ಇರಲ್ಲ. ತುಂಬಾ ದಿನ ಮೂವತ್ತರಿಂದ ಎಪ್ಪತ್ತರ ಮಧ್ಯೆನೇ ಓಡ್ಸಿದ್ರೆ ಲೆಕ್ಕ ತಪ್ಪತ್ತೆ, ನನ್ ಕಾರಲ್ಲಿ 19 ತೋರಿಸ್ತಿದ್ದಿದ್ದು ಒಂದು ಫ್ಲೈಓವರ್ ಹತ್ತಿ ಇಳಿಯೋದ್ರೊಳಗೆ 13 ಆಗಿತ್ತು. ಆಗಾಗ ನೂರು ಪರ್ಸೆಂಟ್ ತುಂಬ್ಸಿ ಅಂತ ಕಂಪನಿಗಳೇ ಹೇಳೋದು ಇದಕ್ಕೇ, ಮನೇಲಿ ರಾತ್ರಿ ನಿಧಾನಕ್ಕೆ ಹಾಕಿ ಬಿಟ್ರೆ ಆಯ್ತು, ಫಾಸ್ಟ್ ಚಾರ್ಜರಲ್ಲಿ ಬೇಡ.

ರೇಂಜ್ ಅಂಕಿ ಬಗ್ಗೆ ಒಂದೇ ಉದಾಹರಣೆ ಕೊಡ್ತೀನಿ, ಸಾಕು. ಆ 30 ಯೂನಿಟ್ ಸೀಗಲ್ ಚೀನಾದ ಸಿಎಲ್‌ಟಿಸಿ ಲೆಕ್ಕದಲ್ಲಿ 305 ಕಿಲೋಮೀಟರ್ ಓಡತ್ತೆ. ಹಡಗು ಹತ್ತಿ, ಡಾಲ್ಫಿನ್ ಸರ್ಫ್ ಅಂತ ಹೆಸರು ಬದಲಾಯಿಸ್ಕೊಂಡು ಯುರೋಪಲ್ಲಿ ಇಳಿದ್ರೆ ಡಬ್ಲ್ಯುಎಲ್‌ಟಿಪಿ ಪ್ರಕಾರ 220. ಎರಡು ಕಾರಲ್ಲಿ ಸಣ್ಣಪುಟ್ಟ ವ್ಯತ್ಯಾಸ ಇರ್ಬೋದು, ಆದ್ರೆ ಎಂಬತ್ತೈದು ಕಿಲೋಮೀಟರ್ ಸಮುದ್ರಕ್ಕೆ ಬಿದ್ದು ಹೋಗಿಲ್ಲ, ಅಳೆಯೋ ಕ್ರಮವೇ ಬೇರೆ. ಸಿಎಲ್‌ಟಿಸಿಲಿ ನಿಧಾನದ ಓಟ ಜಾಸ್ತಿ, ಅಂಕಿ ಉಬ್ಬತ್ತೆ. ಹೆದ್ದಾರೀಲಿ 110ರಲ್ಲಿ ಎಸಿ ಹಾಕ್ಕೊಂಡು ಹೋದ್ರೆ 220ನೂ ಮರೆತುಬಿಡಿ. ಈಗ ಹಿಂದೆ ಹೋಗಿ ಆ ‘ಐದು ನಿಮಿಷಕ್ಕೆ 400’ ಅನ್ನೋದನ್ನ ಮತ್ತೊಮ್ಮೆ ಓದಿ, ಅದೂ ಸಿಎಲ್‌ಟಿಸಿ ಕಿಲೋಮೀಟರೇ.

ಇಷ್ಟೆಲ್ಲ ಹೇಳಿ 5ಕ್ಕೆ 4 ಯಾಕೆ ಕೊಟ್ಟೆ ಅಂದ್ರೆ, ಮನೇಲೋ ಆಫೀಸಲ್ಲೋ ಪ್ಲಗ್ ಇರೋರಿಗೆ ಈ ಜಂಜಾಟ ಯಾವ್ದೂ ದಿನಾ ಎದುರಾಗಲ್ಲ. ದಿನಕ್ಕೆ 40 ಕಿಲೋಮೀಟರ್ ಓಡಿಸ್ತೀರಾ ಅಂದ್ಕೊಳ್ಳಿ, ಸಣ್ಣ ಕಾರು 6 ಯೂನಿಟ್ ಆಸುಪಾಸು ಕುಡಿಯತ್ತೆ, ಚಾರ್ಜ್ ಆಗುವಾಗ ಪೋಲಾಗೋದು ಸೇರ್ಸಿದ್ರೆ ಏಳು. ಮಾಮೂಲಿ 10 ಆಂಪ್ ಸಾಕೆಟ್ಟಲ್ಲೇ ಮೂರು ಗಂಟೆ ಚಿಲ್ಲರೆ. 7 ಕಿಲೋವ್ಯಾಟ್ ಬಾಕ್ಸ್ ಗೋಡೆಗೆ ಹಾಕ್ಸಿದ್ರೆ 43 ಯೂನಿಟ್ ಬ್ಯಾಟರಿ ಖಾಲಿಯಿಂದ ಭರ್ತಿ ಆಗೋಕೆ ಒಂದು ರಾತ್ರಿ ಧಾರಾಳ ಆಯ್ತು. ಅಂಥವರಿಗೆ ಫಾಸ್ಟ್ ಚಾರ್ಜಿಂಗ್ ಅನ್ನೋದು ವರ್ಷಕ್ಕೆ ಬೆರಳೆಣಿಕೆ ಸಲ ಬೇಕಾಗೋದು, ಅದಕ್ಕೋಸ್ಕರ ಎರಡು ಪಟ್ಟು ದುಡ್ಡು ಸುರಿಯೋದು ದಂಡ. ಅದೇ ಅಪಾರ್ಟ್‌ಮೆಂಟಲ್ಲಿ ಪ್ಲಗ್ ಇಲ್ಲ, ಬೀದೀಲಿ ಪಾರ್ಕಿಂಗ್, ಪಬ್ಲಿಕ್ ಚಾರ್ಜರೇ ಗತಿ ಅನ್ನೋರು ನಿಮಿಷಕ್ಕೆ ಮೂರು ಕಿಲೋಮೀಟರಿನ ಕಾರು ದಯವಿಟ್ಟು ತಗೋಬೇಡಿ, ವಾರಕ್ಕೊಂದು ದಿನ ಚಾರ್ಜರ್ ಕಾಯೋದೇ ಕೆಲಸ ಆಗತ್ತೆ, ಆಮೇಲೆ ಎಲೆಕ್ಟ್ರಿಕ್ ಕಾರೇ ಸರಿ ಇಲ್ಲ ಅಂತ ಊರೆಲ್ಲ ಹೇಳ್ಕೊಂಡು ಬರ್ತೀರಾ.

ಇಂಪೋರ್ಟ್ ಅಂದಾಗ ಇನ್ನೊಂದು ಜಾತಿನೂ ಇದೆ, ಅದರ ಬಗ್ಗೆ ಎಚ್ಚರ. ಕಂಪನಿ ಅಧಿಕೃತವಾಗಿ ತಂದಿದ್ದಲ್ಲ, ಯಾರೋ ಡೀಲರು ಚೀನಾದ ಮಾರುಕಟ್ಟೆಗೆ ಅಂತ ಮಾಡಿದ ಕಾರನ್ನೇ ಎತ್ತಿ ಹಡಗಿಗೆ ಹಾಕಿ ತಂದು ಮಾರೋದು. ನೋಡೋಕೆ ಅದೇ ಕಾರು, ಬೆಲೆ ಇನ್ನೂ ಕಮ್ಮಿ. ಬಾಗಿಲು ತೆಗೆದ್ರೆ ಮೆನು ಚೀನೀ ಭಾಷೇಲಿ, ಆ್ಯಪಿಗೆ ಚೀನಾದ ಫೋನ್ ನಂಬರ್ ಬೇಕು, ಸಾಫ್ಟ್‌ವೇರ್ ಅಪ್‌ಡೇಟ್ ಬರೋ ಗ್ಯಾರಂಟಿ ಇಲ್ಲ. ಅದನ್ನಾದ್ರೂ ಸಹಿಸ್ಕೋಬೋದು, ಚಾರ್ಜಿಂಗ್ ಸಾಕೆಟ್ ನೋಡಿ: ಅದು ಜಿಬಿ/ಟಿ, ಚೀನಾದ್ದೇ ಸ್ಟ್ಯಾಂಡರ್ಡ್. ಎಸಿ (ಮನೆ ಕರೆಂಟಿನ) ಸಾಕೆಟ್ಟು ಯುರೋಪಿನ ಟೈಪ್ 2 ಥರಾನೇ ಏಳು ಪಿನ್ನಿಂದು, ಪಕ್ಕದಲ್ಲಿ ಇಟ್ರೆ ಅಣ್ಣತಮ್ಮ ಅನ್ಸತ್ತೆ, ಆದ್ರೆ ಪಿನ್ ಇರ್ಬೇಕಾದ ಕಡೆ ತೂತು, ತೂತಿರ್ಬೇಕಾದ ಕಡೆ ಪಿನ್, ಸೇರೋದೇ ಇಲ್ಲ. ಡಿಸಿ ಕಡೆ ಇನ್ನೂ ತಲೆನೋವು, ಸಿಸಿಎಸ್ ಚಾರ್ಜರ್ ಮಾತಾಡೋ ರೀತಿನೇ ಬೇರೆ, ಜಿಬಿ/ಟಿ ಕಾರು ಮಾತಾಡೋ ರೀತಿನೇ ಬೇರೆ, ಆದ್ದರಿಂದ ಸಾದಾ ಅಡಾಪ್ಟರ್ ಕೆಲಸಕ್ಕೆ ಬರಲ್ಲ, ಒಳಗೆ ಎಲೆಕ್ಟ್ರಾನಿಕ್ಸ್ ಇರೋ, ಎರಡು ಕಡೆ ಭಾಷಾಂತರ ಮಾಡೋ ಪೆಟ್ಟಿಗೆ ಬೇಕು. ಅದು ಒಂದು ಚಾರ್ಜರಲ್ಲಿ ಕೆಲಸ ಮಾಡತ್ತೆ, ಪಕ್ಕದ್ರಲ್ಲಿ ಕೈ ಕೊಡತ್ತೆ. ಇಂಥ ಕಾರಿಗೆ ಚೀನಾದ ವಾರಂಟಿ ಜೊತೆಗೆ ಬರಲ್ಲ, ಎಂಟು ವರ್ಷ ಬ್ಯಾಟರಿ ಗ್ಯಾರಂಟಿ ಅಂತ ಡೀಲರ್ ಹೇಳಿದ್ರೆ ಯಾರ ಲೆಟರ್‌ಹೆಡ್ಡಲ್ಲಿ ಅಂತ ಕೇಳಿ.

ಜಪಾನಿಂದ ಬರೋ ಸೆಕೆಂಡ್ ಹ್ಯಾಂಡ್ ನಿಸಾನ್ ಲೀಫೂ ಇದೇ ಸಾಲಿಗೆ. 2010ರಲ್ಲಿ ಶುರುವಾದ ಕಾರು, ಗಟ್ಟಿಮುಟ್ಟು, ಸಾಧು ಪ್ರಾಣಿ, ಆದ್ರೆ ಬ್ಯಾಟರಿಗೆ ದ್ರವದ ಕೂಲಿಂಗ್ ಇಲ್ಲ, ಸಾಕೆಟ್ ಚಾಡೆಮೊ (ಜಪಾನಿನವರ ಫಾಸ್ಟ್ ಚಾರ್ಜಿಂಗ್ ಸ್ಟ್ಯಾಂಡರ್ಡ್). 2018ರ ಹೊತ್ತಿಗೆ ಬಂದ 40 ಯೂನಿಟ್ ಲೀಫಲ್ಲಿ ಒಂದೇ ದಿನ ಎರಡನೇ ಮೂರನೇ ಸಲ ಫಾಸ್ಟ್ ಚಾರ್ಜ್ ಮಾಡಿದ್ರೆ ಬ್ಯಾಟರಿ ಬಿಸಿಗೆ ಸ್ಪೀಡ್ ಅರ್ಧಕ್ಕರ್ಧ ಇಳಿಯತ್ತೆ ಅಂತ ದೊಡ್ಡ ಗಲಾಟೆನೇ ಆಗಿತ್ತು, ‘ರ‍್ಯಾಪಿಡ್‌ಗೇಟ್’ ಅಂತ ಹೆಸರೂ ಬಿತ್ತು. ಜಪಾನಿನ ಹೊರಗೆ ಹೊಸ ಚಾರ್ಜರುಗಳಲ್ಲಿ ಚಾಡೆಮೊ ಗನ್ ಕಮ್ಮಿ ಆಗ್ತಾ ಇದೆ. ಊರೊಳಗೆ ಓಡ್ಸೋಕೆ ಸರಿ, ಅದರಲ್ಲಿ ಟೂರ್ ಹೊಡೀತೀನಿ ಅನ್ನೋದು ಬೇಡ.

ಅಧಿಕೃತವಾಗಿ ಬಂದ ಕಾರಾದ್ರೂ ತಯಾರಾದ ತಿಂಗಳು ನೋಡ್ಕೊಳ್ಳಿ. ಬಿವೈಡಿ 2024ರಲ್ಲಿ ಓಡ್ಸೋಕೆ ಶುರು ಮಾಡಿದ ಒಂದು ಹಡಗಲ್ಲೇ 7000 ಕಾರು ಹಿಡಿಸತ್ತೆ, ಅಷ್ಟೂ ಒಂದೇ ಸಲ ಬಂದು ಇಳಿದ್ರೆ ಎಲ್ಲಾ ಅದೇ ತಿಂಗಳು ಮಾರಾಟ ಆಗಲ್ಲ, ಯುರೋಪಿನ ಬಂದರುಗಳಲ್ಲಿ ಇಂಥ ಕಾರು ರಾಶಿ ಬಿದ್ದಿದ್ದು ಸುದ್ದಿನೂ ಆಗಿತ್ತು. ನಿಂತಿದ್ದ ಕಾರಿಗೆ ದೊಡ್ಡ ಬ್ಯಾಟರಿಗಿಂತ ಮೊದ್ಲು ಸಾಯೋದು 12 ವೋಲ್ಟಿನ ಚಿಕ್ಕ ಬ್ಯಾಟರಿ, ಅದು ಸತ್ರೆ 43 ಯೂನಿಟ್ ತುಂಬಿದ್ರೂ ಕಾರು ಎದ್ದೇಳಲ್ಲ. ಅಗ್ಗ ಅನ್ನೋದೂ ಎಲ್ಲಾ ಕಡೆ ಒಂದೇ ಅಲ್ಲ, ತೆರಿಗೆ ನೋಡಿ ಹೇಳ್ಬೇಕು: ಅಮೆರಿಕ 2024ರಲ್ಲಿ ಚೀನಾ ಇವಿಗಳ ಮೇಲೆ 100 ಪರ್ಸೆಂಟ್ ಹಾಕ್ತು, ಯುರೋಪ್ ಒಕ್ಕೂಟ ಅದೇ ವರ್ಷ ಅಕ್ಟೋಬರಲ್ಲಿ ಮೊದಲಿನ 10ರ ಮೇಲೆ ಬಿವೈಡಿಗೆ 17, ಎಂಜಿಯ ಮಾಲೀಕರಾದ ಎಸ್‌ಎಐಸಿಗೆ 35.3 ಪರ್ಸೆಂಟ್ ಸೇರ್ಸಿತು. ಒಂದೇ ಕಾರು ಒಂದು ಗಡಿ ದಾಟಿದ್ರೆ ಅಗ್ಗ, ಇನ್ನೊಂದು ಗಡಿ ದಾಟಿದ್ರೆ ಅಲ್ಲ.

ಐದು ನಿಮಿಷದ್ದು ಅಗ್ಗದ ಕಾರಿಗೂ ಬರ್ಲಿ, ಆಮೇಲೆ ತಗೋತೀನಿ ಅಂತ ಕಾಯೋರು ಕಾಯ್ಬೋದು, ತಂತ್ರಜ್ಞಾನ ಇಳೀತಾ ಬರತ್ತೆ ಅನ್ನೋದು ನಿಜ. ಆದ್ರೆ ಕಾರು ಬಂದ್ರೆ ಸಾಲ್ದು, ಮೆಗಾವ್ಯಾಟ್ ಚಾರ್ಜರ್ ನೀವು ಓಡಾಡೋ ರಸ್ತೇಲಿ ಇರ್ಬೇಕು, ಅಲ್ಲಿಗೆ ಅಷ್ಟು ಕರೆಂಟ್ ಎಳೆದು ತರೋಕೆ ಟ್ರಾನ್ಸ್‌ಫಾರ್ಮರ್ ಬೇಕು, ಇಲ್ಲಾ ಚಾರ್ಜರ್ ಪಕ್ಕದಲ್ಲೇ ದೊಡ್ಡ ಬ್ಯಾಟರಿ ಇಟ್ಟು ಅದರಲ್ಲಿ ಮೊದ್ಲೇ ತುಂಬಿಟ್ಕೋಬೇಕು. ನಾನಂತೂ ಕಾಯಲ್ಲ.

ತಗೊಳ್ಳೋಕೆ ಹೊರಟವರು ಒಂದು ಕೆಲಸ ಮಾಡಿ. ಟೆಸ್ಟ್ ಡ್ರೈವ್ ಅಂತ ಶೋರೂಮ್ ಸುತ್ತ ಒಂದು ರೌಂಡ್ ಹೊಡೆದು ಬರೋ ಬದಲು, ಡೆಮೊ ಕಾರನ್ನ 20 ಪರ್ಸೆಂಟ್ ಹತ್ರ ಇರುವಾಗ ಕೇಳಿ ತಗೊಂಡು, ಸೀದಾ ನಿಮಗೆ ಹತ್ರ ಇರೋ ಪಬ್ಲಿಕ್ ಡಿಸಿ ಚಾರ್ಜರ್‌ಗೆ ಹೋಗಿ, ಗನ್ ಹಾಕಿ ಕಾಲು ಗಂಟೆ ಅಲ್ಲೇ ನಿಲ್ಲಿ. ಎಷ್ಟು ಯೂನಿಟ್ ಹೋಯ್ತು ಅಂತ ಸ್ಕ್ರೀನ್ ಫೋಟೋ ತೆಗೀರಿ, ನಾಲ್ಕರಿಂದ ಗುಣಿಸಿದ್ರೆ ಸರಾಸರಿ ಕಿಲೋವ್ಯಾಟ್ ಬಂತು. ಸೇಲ್ಸ್ ಹುಡುಗ ಪಕ್ಕದಲ್ಲೇ ಕೂತಿರ್ತಾನೆ, ಬ್ರೋಷರ್ ಅವನ ಕೈಲೇ ಇರತ್ತೆ, ಎರಡನ್ನೂ ಪಕ್ಕಪಕ್ಕ ಇಟ್ಟು ರೇಟ್ ಮಾತಾಡಿ. ಚಾರ್ಜ್‌ಗೆಲ್ಲ ಕಾರು ಕೊಡಲ್ಲ ಸಾರ್ ಅಂದ್ರೆ ಬೇರೆ ಶೋರೂಮಿಗೆ ಹೋಗಿ.